ದ್ರಾಕ್ಮಾ: ಒಂದು ಹಿಡಿ ನಾಣ್ಯದ ಕಥೆ

(ಉಪನ್ಯಾಸದ ಬರಹರೂಪ)

2002ರ ಫೆಬ್ರುವರಿ 28ರ ರಾತ್ರಿ ಗ್ರೀಸ್ ದೇಶದಲ್ಲಿ ದ್ರಾಕ್ಮಾ ಎಂಬ ಹಣದ ಚಲಾವಣೆ ನಿಂತಿತು. ಮರುದಿನದಿಂದ ರೊಟ್ಟಿಗೂ ಕಾಫಿಗೂ ಬಸ್ಸಿನ ಟಿಕೆಟ್ಟಿಗೂ ಯೂರೋ ಒಂದೇ ನಡೆಯುವ ಹಣವಾಯಿತು. ಒಂದು ಯೂರೋಗೆ 340.75 ದ್ರಾಕ್ಮಾ ಎಂದು ದರ ಗೊತ್ತುಮಾಡಲಾಗಿತ್ತು. ಅಲೆಕ್ಸಾಂಡರನ ಮುಖವಿದ್ದ ನೂರು ದ್ರಾಕ್ಮಾದ ನಾಣ್ಯವನ್ನು ಬ್ಯಾಂಕಿಗೆ ಕೊಟ್ಟವರಿಗೆ ಸಿಕ್ಕಿದ್ದು ಒಂದು ಯೂರೋದ ನೂರು ಪಾಲಿನಲ್ಲಿ 29 ಪಾಲು ಮಾತ್ರ.

ಆ ಚಳಿಗಾಲದಲ್ಲಿ ಜರ್ಮನಿಯ ಮಾರ್ಕ್, ಫ್ರಾನ್ಸಿನ ಫ್ರಾಂಕ್, ಇಟಲಿಯ ಲಿರಾಗಳೂ ಕಣ್ಮರೆಯಾದವು. ಆದರೆ ದ್ರಾಕ್ಮಾದ ಮಾತು ಬೇರೆ. ಅದು ಸಾಕ್ರಟೀಸ್ ಬದುಕಿದ್ದ ಕಾಲದ ಸಂತೆಯಲ್ಲಿ ಚಲಾವಣೆಯಲ್ಲಿದ್ದ ಹೆಸರು. ಎರಡೂವರೆ ಸಾವಿರ ವರ್ಷಗಳ ಹಿಂದಿನ ಆ ಹೆಸರನ್ನು ಆಧುನಿಕ ಗ್ರೀಸ್ ಹೆಮ್ಮೆಯಿಂದ ತನ್ನ ಹಣಕ್ಕೆ ಇಟ್ಟುಕೊಂಡಿತ್ತು. ಅಂಥ ಹೆಸರನ್ನು ಬಿಟ್ಟುಕೊಡಲು ಆ ದೇಶ ಹೇಗೆ ಒಪ್ಪಿತು?

ಇದಕ್ಕಿಂತಲೂ ಕುತೂಹಲಕರವಾದ ಇನ್ನೊಂದು ಪ್ರಶ್ನೆಯಿದೆ. 2010ರಿಂದ ಮುಂದಕ್ಕೆ ಗ್ರೀಸ್ ಸಾಲದ ಸುಳಿಗೆ ಸಿಕ್ಕಿ ತತ್ತರಿಸಿದಾಗ, ಯೂರೋ ಬಿಟ್ಟು ದ್ರಾಕ್ಮಾಕ್ಕೆ ಮರಳಬಹುದಲ್ಲ ಎಂಬ ಮಾತು ಜಗತ್ತಿನಾದ್ಯಂತ ಕೇಳಿಬಂತು. ಆಗಲೂ ಬಹುಪಾಲು ಗ್ರೀಕರು ಅದಕ್ಕೆ ಮನಸ್ಸು ಮಾಡಲಿಲ್ಲ. ಹೆಸರಿನ ಮೇಲೆ ಅಷ್ಟು ಅಭಿಮಾನವಿದ್ದ ಜನ ತಮ್ಮ ಉಳಿತಾಯವನ್ನು ಮಾತ್ರ ಆ ಹೆಸರಿನ ಕೈಗೆ ಒಪ್ಪಿಸಲು ಹಿಂಜರಿದರು. ಏಕೆ ಎಂಬುದಕ್ಕೆ ಉತ್ತರ ದ್ರಾಕ್ಮಾದ ಚರಿತ್ರೆಯಲ್ಲೇ ಇದೆ.

ಕಬ್ಬಿಣದ ಕಂಬಿಯಿಂದ ಬೆಳ್ಳಿಗೆ

ದ್ರಾಕ್ಮಾ ಎಂದರೆ ಗ್ರೀಕ್ ಭಾಷೆಯಲ್ಲಿ ‘ಹಿಡಿ’, ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ಎಂದರ್ಥ. ಏನನ್ನು ಹಿಡಿಯುವಷ್ಟು? ಮಾಂಸ ಸುಡುವ ಕಬ್ಬಿಣದ ಕಂಬಿಗಳನ್ನು. ಅಚ್ಚುಹಾಕಿದ ನಾಣ್ಯಗಳು ಇನ್ನೂ ಬಾರದ ಕಾಲದಲ್ಲಿ ಗ್ರೀಕರು ಇಂಥ ಕಂಬಿಗಳನ್ನು ಬೆಲೆಯ ಅಳತೆಯಾಗಿ ಬಳಸುತ್ತಿದ್ದರು. ಒಂದು ಕಂಬಿಗೆ ‘ಓಬೋಲ್’ ಎಂದು ಹೆಸರು. ಆರು ಕಂಬಿ ಸೇರಿದರೆ ಒಂದು ಹಿಡಿ, ಅಂದರೆ ಒಂದು ದ್ರಾಕ್ಮಾ. ಆರ್ಗೋಸ್ ನಗರದ ಬಳಿಯ ಹೇರಾ ದೇವಿಯ ಗುಡಿಯ ನೆಲವನ್ನು 19ನೇ ಶತಮಾನದ ಕೊನೆಯಲ್ಲಿ ಅಗೆದಾಗ ಇಂಥ ಕಂಬಿಗಳ ಒಂದು ದೊಡ್ಡ ಕಟ್ಟೇ ಸಿಕ್ಕಿತು. ಪ್ಲುಟಾರ್ಕ್ ಮೊದಲಾದ ಹಳೆಯ ಲೇಖಕರು ಹೇಳಿದ್ದ ಮಾತಿಗೆ ಮಣ್ಣಿನೊಳಗಿಂದ ಸಾಕ್ಷಿ ಸಿಕ್ಕಂತಾಯಿತು.

ಕ್ರಿ.ಪೂ. 6ನೇ ಶತಮಾನದಲ್ಲಿ ಗ್ರೀಕ್ ನಗರಗಳು ಒಂದೊಂದಾಗಿ ಬೆಳ್ಳಿಯ ನಾಣ್ಯ ಅಚ್ಚುಹಾಕಲು ತೊಡಗಿದವು. ಏಜಿನಾ ದ್ವೀಪದ ನಾಣ್ಯದ ಮೇಲೆ ಆಮೆ, ಕೊರಿಂತ್ ನಗರದ್ದರ ಮೇಲೆ ರೆಕ್ಕೆಯ ಕುದುರೆ, ಅಥೆನ್ಸಿನದರ ಮೇಲೆ ಗೂಬೆ. ಕಂಬಿ ಹೋಗಿ ಬೆಳ್ಳಿ ಬಂದರೂ ಲೆಕ್ಕ ಬದಲಾಗಲಿಲ್ಲ. ಆರು ಓಬೋಲಿಗೆ ಒಂದು ದ್ರಾಕ್ಮಾ, ನೂರು ದ್ರಾಕ್ಮಾಕ್ಕೆ ಒಂದು ಮಿನಾ, ಅರವತ್ತು ಮಿನಾಕ್ಕೆ ಒಂದು ಟ್ಯಾಲೆಂಟ್. ಕೊನೆಯ ಎರಡು ನಾಣ್ಯಗಳಲ್ಲ, ಬೆಳ್ಳಿಯ ತೂಕದ ಲೆಕ್ಕಗಳು. ಅಥೆನ್ಸಿನ ಒಂದು ದ್ರಾಕ್ಮಾದ ತೂಕ ಸುಮಾರು 4.3 ಗ್ರಾಂ. ಹೆಚ್ಚಾಗಿ ದೇಶಾಂತರ ಹೋಗುತ್ತಿದ್ದುದು ನಾಲ್ಕು ದ್ರಾಕ್ಮಾ ಬೆಲೆಯ, 17 ಗ್ರಾಂ ಮೀರಿದ ದಪ್ಪ ನಾಣ್ಯ.

ಗೂಬೆಯ ಮಾನ

ನಮ್ಮಲ್ಲಿ ಗೂಬೆ ಅಪಶಕುನದ ಹಕ್ಕಿ. ಅಥೆನ್ಸಿನವರಿಗೆ ಅದು ನಗರದೇವತೆ ಅಥೀನಾಳ ಹಕ್ಕಿ. ನಾಣ್ಯದ ಒಂದು ಮುಖದಲ್ಲಿ ದೇವಿಯ ತಲೆ, ಇನ್ನೊಂದು ಮುಖದಲ್ಲಿ ದೊಡ್ಡ ಕಣ್ಣಿನ ಗೂಬೆ. ಜನ ನಾಣ್ಯವನ್ನೇ ‘ಗೂಬೆ’ ಎಂದು ಕರೆಯುತ್ತಿದ್ದರು. ಬೇಡದ ಕಡೆಗೆ ಬೇಡದ ವಸ್ತು ಹೊತ್ತುಕೊಂಡು ಹೋಗುವವನನ್ನು ಹಾಸ್ಯಮಾಡಲು, ಅಥೆನ್ಸಿಗೆ ಗೂಬೆ ತಂದವನು ಎಂಬ ಗಾದೆಯೇ ಅವರಲ್ಲಿತ್ತು.

ಈ ಗೂಬೆಗಳು ಹುಟ್ಟುತ್ತಿದ್ದುದು ಅಥೆನ್ಸಿನ ದಕ್ಷಿಣದ ಲೌರಿಯಾನ್ ಬೆಟ್ಟಗಳ ಬೆಳ್ಳಿಯ ಗಣಿಯಲ್ಲಿ. ಕ್ರಿ.ಪೂ. 483ರಲ್ಲಿ ಅಲ್ಲಿ ಸಮೃದ್ಧವಾದ ಹೊಸ ಅದಿರು ಕಂಡಿತು. ಬಂದ ಬೆಳ್ಳಿಯನ್ನು ತಲೆಗೆ ಹತ್ತು ದ್ರಾಕ್ಮಾದಂತೆ ಪೌರರಿಗೆ ಹಂಚಿಬಿಡೋಣ ಎಂಬ ಸಲಹೆ ಬಂತು. ಥೆಮಿಸ್ಟೊಕ್ಲಿಸ್ ಎಂಬ ನಾಯಕ ಅದನ್ನು ತಡೆದು, ಆ ಹಣದಿಂದ ಯುದ್ಧನೌಕೆಗಳನ್ನು ಕಟ್ಟಿಸಲು ಸಭೆಯನ್ನು ಒಪ್ಪಿಸಿದ. ನೌಕೆಗಳ ಸಂಖ್ಯೆ ಇನ್ನೂರು ಎಂದು ಹೆರೊಡೊಟಸ್ ಬರೆದಿದ್ದಾನೆ. ಮೂರು ವರ್ಷಗಳ ನಂತರ ಸಲಾಮಿಸ್ ಕೊಲ್ಲಿಯಲ್ಲಿ ಪರ್ಷಿಯದ ನೌಕಾಪಡೆಯನ್ನು ಸೋಲಿಸಿದ್ದು ಇದೇ ನೌಕೆಗಳು.

ಈ ವೈಭವದ ಇನ್ನೊಂದು ಮುಖವನ್ನೂ ನೋಡಬೇಕು. ಗಣಿಯ ಇಕ್ಕಟ್ಟಾದ ಸುರಂಗಗಳಲ್ಲಿ ಅಗೆಯುತ್ತಿದ್ದವರು ಗುಲಾಮರು. ನಿಕಿಯಾಸ್ ಎಂಬ ಸೇನಾನಾಯಕ ತನ್ನ ಸಾವಿರ ಗುಲಾಮರನ್ನು ಗಣಿಗೆ ಬಾಡಿಗೆಗೆ ಕೊಟ್ಟಿದ್ದನೆಂದು ಕ್ಸೆನೊಫೊನ್ ದಾಖಲಿಸಿದ್ದಾನೆ. ತಲೆಗೆ ದಿನಕ್ಕೆ ಒಂದು ಓಬೋಲ್ ಬಾಡಿಗೆ. ಅದು ಸೇರುತ್ತಿದ್ದುದು ನಿಕಿಯಾಸನ ಮನೆಗೆ. ಅದೇ ಶತಮಾನದ ಕೊನೆಯಲ್ಲಿ ಎರೆಕ್ಥಿಯಾನ್ ದೇಗುಲ ಕಟ್ಟಿದಾಗಿನ ಖರ್ಚಿನ ಲೆಕ್ಕ ಕಲ್ಲಿನ ಮೇಲೆ ಕೆತ್ತಿದ್ದು ಇಂದಿಗೂ ಉಳಿದಿದೆ. ಅದರ ಪ್ರಕಾರ ಕಸುಬುದಾರನ ದಿನಗೂಲಿ ಒಂದು ದ್ರಾಕ್ಮಾ. ನ್ಯಾಯಸಭೆಯಲ್ಲಿ ಕೂರುವ ಪೌರನಿಗೆ ದಿನಕ್ಕೆ ಮೂರು ಓಬೋಲ್, ಅಂದರೆ ಅರ್ಧ ದ್ರಾಕ್ಮಾ.

ಸ್ಪಾರ್ಟಾದೊಂದಿಗಿನ ದೀರ್ಘ ಯುದ್ಧದಲ್ಲಿ ಶತ್ರುಗಳು ಕ್ರಿ.ಪೂ. 413ರಲ್ಲಿ ಅಥೆನ್ಸಿನ ಹತ್ತಿರದ ಡೆಕೆಲಿಯಾದಲ್ಲಿ ಬೀಡುಬಿಟ್ಟರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಲಾಮರು ಓಡಿಹೋದರೆಂದು ಥುಸಿಡಿಡಿಸ್ ಹೇಳುತ್ತಾನೆ. ಗಣಿಗಳ ಕೆಲಸ ಕುಸಿಯಿತು. ಬೆಳ್ಳಿಯಿಲ್ಲದ ಅಥೆನ್ಸ್ ತಾಮ್ರದ ಬಿಲ್ಲೆಗೆ ಬೆಳ್ಳಿಯ ಲೇಪ ಕೊಟ್ಟು ನಾಣ್ಯವೆಂದು ಹೊರಡಿಸಿತು. ಕ್ರಿ.ಪೂ. 405ರಲ್ಲಿ ಆಡಿದ ‘ಕಪ್ಪೆಗಳು’ ಎಂಬ ಪ್ರಹಸನದಲ್ಲಿ ಅರಿಸ್ಟೊಫೆನಿಸ್ ಇದನ್ನೇ ಹಿಡಿದು ಕುಟುಕಿದ. ಹಳೆಯ ಒಳ್ಳೆಯ ನಾಣ್ಯಗಳನ್ನು ಒಳಗಿಟ್ಟು ಕೆಟ್ಟವನ್ನು ಚಲಾಯಿಸುವ ಹಾಗೆಯೇ, ನಗರ ಯೋಗ್ಯರನ್ನು ಬದಿಗಿಟ್ಟು ಅಯೋಗ್ಯರನ್ನು ಮುಂದೆ ಮಾಡುತ್ತಿದೆ ಎಂಬುದು ಅವನ ಆಕ್ಷೇಪ.

ಆದರೆ ಅಥೆನ್ಸ್ ಕೆಟ್ಟ ನಾಣ್ಯಕ್ಕೆ ಅಂಟಿಕೊಳ್ಳಲಿಲ್ಲ. ಯುದ್ಧ ಮುಗಿದ ಮೇಲೆ ಮತ್ತೆ ಶುದ್ಧ ಬೆಳ್ಳಿಗೆ ಬಂತು. ಕ್ರಿ.ಪೂ. 375ರ ಒಂದು ಕಾನೂನು ಕೆತ್ತಿದ ಕಲ್ಲು 1970ರಲ್ಲಿ ಅಥೆನ್ಸಿನ ಹಳೆಯ ಪೇಟೆಯ ಉತ್ಖನನದಲ್ಲಿ ಸಿಕ್ಕಿತು. ಪೇಟೆಯಲ್ಲಿ ಹಣ ಬದಲಿಸುವವರ ಮೇಜುಗಳ ನಡುವೆ ಒಬ್ಬ ನಾಣ್ಯ ಪರೀಕ್ಷಕ ಕೂತಿರಬೇಕು. ಅವನು ನಗರಕ್ಕೆ ಸೇರಿದ ಗುಲಾಮ. ಯಾರೇ ನಾಣ್ಯ ತಂದರೂ ಅವನು ಪರೀಕ್ಷಿಸಬೇಕು. ಒಳಗೆ ತಾಮ್ರವೋ ಸೀಸವೋ ಇದ್ದರೆ ಅಲ್ಲೇ ಅದನ್ನು ಅಡ್ಡಕ್ಕೆ ಕತ್ತರಿಸಬೇಕು. ಸಾಚಾ ಇದ್ದರೆ ತಂದವನಿಗೆ ಹಿಂತಿರುಗಿಸಬೇಕು. ಅವನು ಒಪ್ಪಿದ ನಾಣ್ಯವನ್ನು ಯಾವ ವ್ಯಾಪಾರಿಯಾದರೂ ಬೇಡವೆಂದರೆ ಆ ದಿನ ಅವನು ಮಾರಲು ತಂದ ಸರಕೆಲ್ಲ ಮುಟ್ಟುಗೋಲು. ಪರೀಕ್ಷಕನೇ ಕೆಲಸ ತಪ್ಪಿಸಿದರೆ ಅವನಿಗೆ ಐವತ್ತು ಛಡಿಯೇಟು. ಶಿಕ್ಷೆ ಕ್ರೂರವೇ. ಆದರೂ ನಾಣ್ಯದ ಮಾನ ಕಾಯುವ ಹೊಣೆ ನಗರದ್ದು ಎಂಬ ತಿಳಿವಳಿಕೆ ಆ ಕಲ್ಲಿನಲ್ಲಿ ಸ್ಪಷ್ಟವಾಗಿದೆ. ಗೂಬೆಯ ನಾಣ್ಯವನ್ನು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ವರ್ತಕರು ನಂಬಿ ಪಡೆಯುತ್ತಿದ್ದುದು ಅದರ ಬೆಳ್ಳಿ ಮತ್ತು ತೂಕ ಬದಲಾಗುವುದಿಲ್ಲ ಎಂಬ ಭರವಸೆಯಿಂದ.

ಪೂರ್ವಕ್ಕೆ ನಡೆದ ಹೆಸರು

ಅಥೆನ್ಸಿನ ರಾಜಕೀಯ ಬಲ ಕುಗ್ಗಿದ ಮೇಲೂ ಅದರ ನಾಣ್ಯದ ತೂಕ ಉಳಿಯಿತು. ಪರ್ಷಿಯದ ಖಜಾನೆಯನ್ನು ವಶಪಡಿಸಿಕೊಂಡ ಅಲೆಕ್ಸಾಂಡರ್, ಅಲ್ಲಿಯ ಬೆಳ್ಳಿಯನ್ನು ಅಥೆನ್ಸಿನ ತೂಕಕ್ಕೇ ಅಚ್ಚುಹಾಕಿಸಿದ. ಅವನ ನಂತರ ಇಂದಿನ ಅಫ್ಘಾನಿಸ್ತಾನದ ಬ್ಯಾಕ್ಟ್ರಿಯದಲ್ಲಿ ಆಳಿದ ಗ್ರೀಕ್ ದೊರೆಗಳೂ ಅದೇ ದಾರಿ ಹಿಡಿದರು. ಹಿಂದೂಕುಷ್ ದಾಟಿ ಭಾರತದೊಳಕ್ಕೆ ಬಂದ ಇಂಡೋ-ಗ್ರೀಕ್ ರಾಜರು ಇಲ್ಲಿಯ ವಾಡಿಕೆಗೆ ತಕ್ಕಂತೆ ತೂಕ ಇಳಿಸಿ, ನಾಣ್ಯದ ಒಂದು ಮುಖದಲ್ಲಿ ಗ್ರೀಕ್, ಇನ್ನೊಂದು ಮುಖದಲ್ಲಿ ಖರೋಷ್ಠಿ ಲಿಪಿಯ ಪ್ರಾಕೃತ ಹಾಕಿಸಿದರು. ಬೌದ್ಧ ಗ್ರಂಥ ‘ಮಿಲಿಂದ ಪಞ್ಹ’ದ ಮಿಲಿಂದನೇ ಆಗಿರುವ ಮೆನಾಂಡರನ ಬೆಳ್ಳಿ ದ್ರಾಕ್ಮಾಗಳು ಅವನು ಸತ್ತು ಎಷ್ಟೋ ತಲೆಮಾರುಗಳ ನಂತರವೂ ಭರೂಚ್ ಬಂದರಿನಲ್ಲಿ ಚಲಾವಣೆಯಲ್ಲಿದ್ದವೆಂದು ಕ್ರಿ.ಶ. ಮೊದಲನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಕಡಲಪಯಣದ ಕೈಪಿಡಿ ಹೇಳುತ್ತದೆ.

ಆ ಹೆಸರು ಭಾರತದ ಭಾಷೆಗಳಲ್ಲಿ ಬೇರೂರಿತು. ಸಂಸ್ಕೃತದಲ್ಲಿ ಅದು ‘ದ್ರಮ್ಮ’ವಾಯಿತು. 12ನೇ ಶತಮಾನದ ಭಾಸ್ಕರಾಚಾರ್ಯ ‘ಲೀಲಾವತಿ’ಯ ಆರಂಭದಲ್ಲೇ ಹಣದ ಕೋಷ್ಟಕ ಕೊಟ್ಟು, ಹದಿನಾರು ಪಣಕ್ಕೆ ಒಂದು ದ್ರಮ್ಮ, ಹದಿನಾರು ದ್ರಮ್ಮಕ್ಕೆ ಒಂದು ನಿಷ್ಕ ಎಂದು ತಿಳಿಸುತ್ತಾನೆ. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಗದ್ಯಾಣ, ಪಣಗಳ ಜೊತೆ ದ್ರಮ್ಮದ ಹೆಸರೂ ಬರುತ್ತದೆ. ಹಿಂದಿಯಲ್ಲಿ ಬೆಲೆ ಎಂಬರ್ಥದ ‘ದಾಮ್’, ಚಿಲ್ಲರೆ ಕಾಸಿನ ‘ದಮಡಿ’, ‘ಒಂದು ದಮ್ಮಡಿಯೂ ಇಲ್ಲ’ ಎನ್ನುವಾಗ ಕನ್ನಡಿಗರು ಬಳಸುವ ‘ದಮ್ಮಡಿ’ ಎಲ್ಲವೂ ಅದೇ ಬಳ್ಳಿಯ ಕುಡಿಗಳು. ಪರ್ಷಿಯದ ಮೂಲಕ ಅರಬ್ಬರಿಗೆ ಹೋದಾಗ ಅದು ‘ದಿರ್ಹಮ್’ ಆಯಿತು. ಉಡುಪಿ, ಮಂಗಳೂರು, ಭಟ್ಕಳದ ಕಡೆಯಿಂದ ದುಬೈಗೆ ದುಡಿಯಲು ಹೋದವರು ಸಂಬಳವಾಗಿ ಪಡೆಯುವ ದಿರ್ಹಮ್ ಅಥೆನ್ಸಿನ ಆ ‘ಹಿಡಿ’ಯ ದೂರದ ಮೊಮ್ಮಗು. ಆರ್ಮೇನಿಯಾ ದೇಶದ ‘ದ್ರಾಮ್’ ಕೂಡ ಅಷ್ಟೇ.

ಹೆಸರು ಹೀಗೆ ಊರೂರು ಸುತ್ತುತ್ತಿರುವಾಗ ಹುಟ್ಟಿದ ಮನೆಯಲ್ಲಿ ನಾಣ್ಯ ಇಲ್ಲವಾಗಿತ್ತು. ರೋಮನರು ಬಂದ ಮೇಲೆ ಅವರ ಡಿನಾರಿಯಸ್ ನಡೆಯಿತು. ಆಮೇಲೆ ಬೈಜಾಂಟಿಯಮ್ಮಿನ ನಾಣ್ಯಗಳು, ಅವುಗಳ ನಂತರ ಆಟೊಮನ್ ತುರ್ಕರ ಹಣ. ಗ್ರೀಸಿನಲ್ಲಿ ಹಳೆಯ ಹೆಸರು ಉಳಿದದ್ದು ತಕ್ಕಡಿಯಲ್ಲಿ. ಅಲ್ಲಿ ಸಾಮಾನು ತೂಗುವ ‘ಓಕಾ’ ಎಂಬ ಅಳತೆಗೆ 400 ‘ದ್ರಾಮಿ’. ಕಿಲೋಗ್ರಾಂ ಬಂದು 1959ರಲ್ಲಿ ಇದನ್ನು ತೆಗೆಯುವ ತನಕ ಗ್ರೀಕ್ ಗೃಹಿಣಿಯರು ಬೇಳೆಯನ್ನೂ ಎಣ್ಣೆಯನ್ನೂ ದ್ರಾಮಿಯ ಲೆಕ್ಕದಲ್ಲೇ ಕೊಳ್ಳುತ್ತಿದ್ದರು.

ಮರುಹುಟ್ಟು

ಗ್ರೀಕರು 1821ರಲ್ಲಿ ತುರ್ಕರ ವಿರುದ್ಧ ದಂಗೆಯೆದ್ದರು. ಹೊಸ ರಾಜ್ಯದ ಮೊದಲ ಆಡಳಿತಗಾರ ಇಯೋನಿಸ್ ಕಪೊಡಿಸ್ಟ್ರಿಯಾಸ್ 1828ರಲ್ಲಿ ಹೊರಡಿಸಿದ ಹಣಕ್ಕೆ ಇಟ್ಟ ಹೆಸರು ದ್ರಾಕ್ಮಾ ಅಲ್ಲ, ‘ಫೀನಿಕ್ಸ್’. ಸುಟ್ಟ ಬೂದಿಯಿಂದ ಮತ್ತೆ ಹುಟ್ಟುವ ಪುರಾಣದ ಹಕ್ಕಿ ಅದು. ಮಾಲ್ಟಾ ದ್ವೀಪದಿಂದ ಹಳೆಯ ಯಂತ್ರ ತರಿಸಿ ಏಜಿನಾದಲ್ಲಿ ಟಂಕಸಾಲೆ ತೆರೆದರು. ಆದರೆ ಬೊಕ್ಕಸದಲ್ಲಿ ಬೆಳ್ಳಿಯೇ ಇರಲಿಲ್ಲ. ಹನ್ನೆರಡು ಸಾವಿರದಷ್ಟು ಬೆಳ್ಳಿ ಫೀನಿಕ್ಸ್ ಅಚ್ಚಾಗುವಷ್ಟರಲ್ಲಿ ಎಲ್ಲ ಮುಗಿಯಿತು. 1831ರಲ್ಲಿ ಕಾಗದದ ಫೀನಿಕ್ಸ್ ಹೊರಡಿಸಿದರೆ ಜನ ಮುಟ್ಟಲಿಲ್ಲ. ಪೇಟೆಯಲ್ಲಿ ತುರ್ಕಿಯ ನಾಣ್ಯಗಳೇ ನಡೆದವು. ಅದೇ ವರ್ಷ ಕಪೊಡಿಸ್ಟ್ರಿಯಾಸ್ ಕೊಲೆಯಾದರು.

ಯೂರೋಪಿನ ದೊಡ್ಡ ಶಕ್ತಿಗಳು ಗ್ರೀಸಿಗೆ ಒಬ್ಬ ರಾಜನನ್ನು ಹುಡುಕಿ ಕೊಟ್ಟವು. ಬವೇರಿಯದ ರಾಜಕುಮಾರ ಓಟ್ಟೊ 1833ರ ಆರಂಭದಲ್ಲಿ ಬಂದಿಳಿದಾಗ ಅವನಿಗೆ 17 ವರ್ಷ. ಅದೇ ವರ್ಷ ಹೊಸ ನಾಣ್ಯಪದ್ಧತಿ ಜಾರಿಗೆ ಬಂತು. ಒಂದು ದ್ರಾಕ್ಮಾ, ಅದಕ್ಕೆ ನೂರು ‘ಲೆಪ್ಟಾ’. ಪ್ರಾಚೀನ ಅಥೆನ್ಸಿನ ವಾರಸುದಾರರು ತಾವೇ ಎಂದು ಹೊಸ ರಾಜ್ಯ ಈ ಹೆಸರಿನ ಮೂಲಕ ಜಗತ್ತಿಗೆ ಸಾರಿತು. ಆದರೆ ನಾಣ್ಯದ ಮೇಲಿದ್ದದ್ದು ಬವೇರಿಯದ ಹುಡುಗನ ಮುಖ. ಆರಂಭದ ನಾಣ್ಯಗಳಲ್ಲಿ ಬಹಳಷ್ಟು ಅಚ್ಚಾದದ್ದು ಮ್ಯೂನಿಕ್ ನಗರದಲ್ಲಿ. ರಾಜ್ಯ ನಡೆಸಲು ಬ್ರಿಟನ್, ಫ್ರಾನ್ಸ್, ರಷ್ಯಾಗಳ ಜಾಮೀನಿನ ಮೇಲೆ ಆರು ಕೋಟಿ ಫ್ರಾಂಕ್ ಸಾಲ. ಹತ್ತೇ ವರ್ಷಗಳಲ್ಲಿ, 1843ರಲ್ಲಿ, ಸಾಲದ ಕಂತು ಕಟ್ಟುವುದು ನಿಂತಿತು. ಹೆಸರು ಅಥೆನ್ಸಿನದು, ಬೆಳ್ಳಿ ಸಾಲದ್ದು. ಮುಂದಿನ ಬಹಳಷ್ಟು ತೊಂದರೆಗಳು ಇಲ್ಲಿಂದಲೇ ಹುಟ್ಟಿದವು.

ನೋಟು ಅಚ್ಚುಹಾಕುವ ಅಧಿಕಾರ 1841ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬ್ಯಾಂಕಿಗೆ ಸಿಕ್ಕಿತು. ನೋಟು ತಂದವರಿಗೆ ಬ್ಯಾಂಕು ಲೋಹದ ನಾಣ್ಯ ಕೊಡಬೇಕು ಎಂಬುದು ನಿಯಮ. ಆದರೆ ಯುದ್ಧವೋ ದಂಗೆಯೋ ಬಂದಾಗಲೆಲ್ಲ ಸರ್ಕಾರ ಬ್ಯಾಂಕಿನಿಂದ ಸಾಲ ಪಡೆದು, ಆ ನಿಯಮವನ್ನು ಅಮಾನತಿನಲ್ಲಿಟ್ಟು, ನೋಟನ್ನೇ ಪಡೆಯಬೇಕೆಂದು ಜನರಿಗೆ ಕಟ್ಟಪ್ಪಣೆ ಮಾಡುತ್ತಿತ್ತು. ಫ್ರಾಂಕಿಗೆ ಸಮನಾದ ನಾಣ್ಯ ಹೊರಡಿಸಲು ಫ್ರಾನ್ಸ್, ಇಟಲಿ ಮೊದಲಾದ ದೇಶಗಳು 1865ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದವು. ಸ್ವಲ್ಪ ಕಾಲದಲ್ಲೇ ಗ್ರೀಸೂ ಅದಕ್ಕೆ ಸೇರಿತು. ಒಂದು ದ್ರಾಕ್ಮಾಕ್ಕೆ ಒಂದು ಫ್ರಾಂಕ್ ಎಂಬ ಲೆಕ್ಕ ಕಾನೂನಿನಲ್ಲಿತ್ತು. ಪೇಟೆಯಲ್ಲಿ ಬಹುಕಾಲ ಇರಲಿಲ್ಲ.

ದೇಶದ ಮುಖ್ಯ ರಫ್ತು ಒಣದ್ರಾಕ್ಷಿ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಕೀಟದ ಪಿಡುಗು ತಗಲಿದ್ದಾಗ ಅದಕ್ಕೆ ಭಾರಿ ಬೇಡಿಕೆ ಇತ್ತು. ಫ್ರಾನ್ಸಿನ ತೋಟಗಳು ಚೇತರಿಸಿಕೊಂಡೊಡನೆ ಬೆಲೆ ಕುಸಿಯಿತು. 1893ರಲ್ಲಿ ಪ್ರಧಾನಿ ಖರಿಲಾವೋಸ್ ತ್ರಿಕೂಪಿಸ್, ದುರದೃಷ್ಟವಶಾತ್ ನಾವು ದಿವಾಳಿಯಾಗಿದ್ದೇವೆ ಎಂದು ಸಂಸತ್ತಿನಲ್ಲಿ ಹೇಳಿದರೆಂದು ಪ್ರಸಿದ್ಧಿ. ತುರ್ಕಿಯೊಡನೆ 1897ರ ಯುದ್ಧದಲ್ಲಿ ಸೋತ ಮೇಲೆ, ಸಾಲ ಕೊಟ್ಟವರ ಪರವಾಗಿ ಆರು ದೇಶಗಳ ಒಂದು ಸಮಿತಿ ಅಥೆನ್ಸಿನಲ್ಲಿ ಬಂದು ಕೂತಿತು. ಉಪ್ಪು, ಸೀಮೆಎಣ್ಣೆ, ಬೆಂಕಿಕಡ್ಡಿ, ಇಸ್ಪೀಟು ಎಲೆ, ಸಿಗರೇಟು ಕಾಗದ, ಪಿರೇಯಸ್ ಬಂದರಿನ ಸುಂಕ, ಇವುಗಳ ವರಮಾನವೆಲ್ಲ ಮೊದಲು ಸಾಲಕ್ಕೆ ಜಮೆಯಾಗಬೇಕು. ಈ ಬಿಗಿಯಲ್ಲಿ ದ್ರಾಕ್ಮಾ ಮೆಲ್ಲನೆ ಚೇತರಿಸಿಕೊಂಡು 1910ರ ಹೊತ್ತಿಗೆ ಫ್ರಾಂಕಿನ ಸಮಕ್ಕೆ ಬಂದದ್ದೂ ನಿಜ. ಅದರ ಬೆಲೆಯನ್ನು ಉಪ್ಪು, ಸೀಮೆಎಣ್ಣೆ ಕೊಳ್ಳುವವರು ತೆತ್ತಿದ್ದರು.

ಕತ್ತರಿಗೆ ಸಿಕ್ಕ ನೋಟು

1922ರ ವಸಂತದಲ್ಲಿ ಗ್ರೀಕ್ ಸೈನ್ಯ ಸಮುದ್ರದಾಚೆ ಏಷ್ಯಾ ಮೈನರಿನಲ್ಲಿ ಯುದ್ಧದಲ್ಲಿ ಸಿಲುಕಿತ್ತು. ಹೊರಗಿನ ಸಾಲ ಹುಟ್ಟುತ್ತಿರಲಿಲ್ಲ. ಆಗ ಹಣಕಾಸು ಮಂತ್ರಿ ಪೆಟ್ರೋಸ್ ಪ್ರೊಟೊಪಾಪಡಾಕಿಸ್ ಒಂದು ವಿಚಿತ್ರ ಉಪಾಯ ಕಂಡುಹಿಡಿದರು. ದೇಶದ ಪ್ರತಿಯೊಬ್ಬರೂ ತಮ್ಮಲ್ಲಿರುವ ನೋಟುಗಳನ್ನು ನಡುವೆ ಕತ್ತರಿಸಬೇಕು. ಬ್ಯಾಂಕಿನ ಸ್ಥಾಪಕ ಗಿಯೊರ್ಗಿಯೋಸ್ ಸ್ಟಾವ್ರೋಸ್ ಅವರ ಚಿತ್ರವಿರುವ ಎಡಗಡೆಯ ತುಂಡು ಅರ್ಧ ಬೆಲೆಗೆ ಹಣವಾಗಿ ನಡೆಯುತ್ತದೆ. ಕಿರೀಟದ ಚಿತ್ರವಿರುವ ಬಲಗಡೆಯ ತುಂಡನ್ನು ಸರ್ಕಾರಕ್ಕೆ ಕೊಟ್ಟು ಇಪ್ಪತ್ತು ವರ್ಷದ ಸಾಲಪತ್ರ ಪಡೆಯಬೇಕು. ಬಡ್ಡಿ ಶೇಕಡಾ 6.5.

ಕಾಗದದ ಮೇಲೆ ಇದು ಸಾಲ. ಆದರೆ ಕೊಡುವವನನ್ನು ಕೇಳದೆ ಪಡೆದ ಸಾಲ. ಸಾವಿರ ದ್ರಾಕ್ಮಾ ಕೂಡಿಟ್ಟಿದ್ದವನ ಕೈಯಲ್ಲಿ ಮರುದಿನ ಐನೂರು ಉಳಿಯಿತು. ಹಣವನ್ನು ಜಮೀನು, ಮನೆ, ಚಿನ್ನವಾಗಿ ಇಟ್ಟುಕೊಂಡಿದ್ದವರಿಗೆ ಏನೂ ಆಗಲಿಲ್ಲ. ನೋಟಿನಲ್ಲೇ ಉಳಿತಾಯ ಮಾಡಿದ್ದವರು ಮಾತ್ರ ಸಿಕ್ಕಿಬಿದ್ದರು. ಕ್ರಿ.ಪೂ. 375ರ ಅಥೆನ್ಸಿನಲ್ಲಿ ರಾಜ್ಯದ ಕತ್ತರಿ ಖೋಟಾ ನಾಣ್ಯವನ್ನು ಕತ್ತರಿಸುತ್ತಿತ್ತು. 1922ರಲ್ಲಿ ರಾಜ್ಯ ತನ್ನದೇ ಸಾಚಾ ನೋಟನ್ನು ಕತ್ತರಿಸಿತು.

ಆ ಸೆಪ್ಟೆಂಬರಿನಲ್ಲಿ ಸ್ಮಿರ್ನಾ ನಗರ ಬಿದ್ದು ಯುದ್ಧ ಘೋರ ಸೋಲಿನಲ್ಲಿ ಮುಗಿಯಿತು. ಹನ್ನೆರಡು ಲಕ್ಷದಷ್ಟು ಗ್ರೀಕ್ ನಿರಾಶ್ರಿತರು ತಾಯ್ನಾಡಿಗೆ ಬಂದರು. ಸೋಲಿಗೆ ಹೊಣೆಯೆಂದು ಆರು ಮಂದಿ ನಾಯಕರನ್ನು ನವೆಂಬರಿನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಪ್ರೊಟೊಪಾಪಡಾಕಿಸ್ ಅವರಲ್ಲೊಬ್ಬರು. ಆದರೂ ಅವರ ಉಪಾಯ ಸಾಯಲಿಲ್ಲ. 1926ರಲ್ಲಿ ಸರ್ವಾಧಿಕಾರಿ ಪಂಗಾಲೋಸ್ ಕಾಲದಲ್ಲಿ ನೋಟುಗಳನ್ನು ಮತ್ತೆ ಕತ್ತರಿಸಲಾಯಿತು. ಈ ಸಲ ಮುಕ್ಕಾಲು ಭಾಗ ಹಣ, ಕಾಲು ಭಾಗ ಸಾಲಪತ್ರ. 1928ರಲ್ಲಿ ರಾಷ್ಟ್ರಸಂಘದ ಸಲಹೆಯಂತೆ ಬ್ಯಾಂಕ್ ಆಫ್ ಗ್ರೀಸ್ ಎಂಬ ಪ್ರತ್ಯೇಕ ಕೇಂದ್ರ ಬ್ಯಾಂಕು ಶುರುವಾಯಿತು. ಆಗ ಒಂದು ಬ್ರಿಟಿಷ್ ಪೌಂಡಿಗೆ ಗೊತ್ತಾದ ದರ 375 ದ್ರಾಕ್ಮಾ. ಮೊದಲ ಮಹಾಯುದ್ಧಕ್ಕೆ ಮುಂಚೆ ಅದು 25ರ ಆಸುಪಾಸಿನಲ್ಲಿತ್ತು. ಈ ಏರ್ಪಾಡೂ ನಾಲ್ಕೇ ವರ್ಷ ಬಾಳಿತು. 1932ರಲ್ಲಿ ಗ್ರೀಸ್ ಮತ್ತೆ ಸಾಲ ತೀರಿಸಲಾರದೆ ಕೈಚೆಲ್ಲಿತು.

ಸೊನ್ನೆಗಳ ಕಾಲ

ಇಷ್ಟಾದರೂ ದ್ರಾಕ್ಮಾ ಬದುಕಿತ್ತು. ಅದನ್ನು ಪೂರ್ತಿ ಕೊಂದದ್ದು ಎರಡನೆಯ ಮಹಾಯುದ್ಧ. 1941ರ ಏಪ್ರಿಲ್‌ನಲ್ಲಿ ಜರ್ಮನ್ ಪಡೆಗಳು ಅಥೆನ್ಸನ್ನು ಹಿಡಿದವು. ದೇಶವನ್ನು ಜರ್ಮನಿ, ಇಟಲಿ, ಬಲ್ಗೇರಿಯಾಗಳು ಹಂಚಿಕೊಂಡವು. ತಮ್ಮ ಸೈನ್ಯಗಳ ಖರ್ಚನ್ನು ಗ್ರೀಸೇ ಹೊರಬೇಕೆಂದು ಆಕ್ರಮಣಕಾರರು ಕಡ್ಡಾಯ ಮಾಡಿದರು. ತೆರಿಗೆ ಬರುವ ದಾರಿಯಿರಲಿಲ್ಲ. ಉಳಿದದ್ದು ಒಂದೇ ದಾರಿ, ನೋಟಿನ ಮುದ್ರಣಯಂತ್ರ. ಆ ಚಳಿಗಾಲದಲ್ಲಿ ಅಥೆನ್ಸ್, ಪಿರೇಯಸ್‌ಗಳಲ್ಲಿ ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು. ಕೈಯಲ್ಲಿ ದ್ರಾಕ್ಮಾ ಇದ್ದವರಿಗೂ ರೊಟ್ಟಿ ಸಿಗುತ್ತಿರಲಿಲ್ಲ. ರೈತರು ನೋಟು ಬೇಡವೆಂದು ಎಣ್ಣೆ, ಗೋಧಿಗಳಿಗೆ ಚಿನ್ನ ಕೇಳಿದರು. ಬ್ರಿಟನ್ನಿನ ಚಿನ್ನದ ಸವರನ್ನೇ ದೇಶದ ನಿಜವಾದ ಹಣವಾಯಿತು.

1944ರ ಅಕ್ಟೋಬರಿನಲ್ಲಿ ಬೆಲೆಗಳು ನಾಲ್ಕೈದು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಿದ್ದವು. ಆ ನವೆಂಬರ್ 3ರ ತಾರೀಕು ಹೊತ್ತ ನೋಟಿನ ಮೇಲಿದ್ದ ಮೊತ್ತ ಹತ್ತು ಸಾವಿರ ಕೋಟಿ ದ್ರಾಕ್ಮಾ, ಒಂದರ ಮುಂದೆ ಹನ್ನೊಂದು ಸೊನ್ನೆ. ನವೆಂಬರ್ 11ರಂದು, ಜರ್ಮನರು ಹೋದ ಮೇಲೆ, ಹೊಸ ಸರ್ಕಾರ ಹೊಸ ದ್ರಾಕ್ಮಾ ತಂದಿತು. ಒಂದು ಹೊಸ ದ್ರಾಕ್ಮಾಕ್ಕೆ ಐದು ಸಾವಿರ ಕೋಟಿ ಹಳೆಯ ದ್ರಾಕ್ಮಾ. ಯುದ್ಧಕ್ಕೆ ಮುಂಚೆ ಬ್ಯಾಂಕಿನಲ್ಲಿ ಹಣ ಇಟ್ಟಿದ್ದವರ, ಸರ್ಕಾರಿ ಸಾಲಪತ್ರ ಕೊಂಡಿದ್ದವರ, ನಿವೃತ್ತಿವೇತನ ನಂಬಿದ್ದವರ ಜೀವಮಾನದ ಗಳಿಕೆ ಆ ಒಂದು ಸಾಲಿನ ಆಜ್ಞೆಯಲ್ಲಿ ಇಲ್ಲವಾಯಿತು. 1922ರಲ್ಲಿ ನೋಟಿನ ಅರ್ಧಕ್ಕೆ ಸಿಕ್ಕಿದ್ದ ಇಪ್ಪತ್ತು ವರ್ಷದ ಸಾಲಪತ್ರಗಳ ಅವಧಿಯೂ ಮುಗಿಯಬೇಕಿದ್ದದ್ದು ಇದೇ ದುರ್ಭಿಕ್ಷದ ವರ್ಷಗಳಲ್ಲಿ.

ಯುದ್ಧದ ಬೆನ್ನಿಗೇ 1946ರಿಂದ 1949ರ ವರೆಗೆ ಅಂತರ್ಯುದ್ಧ. ಹೊಸ ದ್ರಾಕ್ಮಾವೂ ಕರಗುತ್ತ ಹೋಯಿತು. 1953ರ ಏಪ್ರಿಲ್‌ನಲ್ಲಿ ಮಂತ್ರಿ ಸ್ಪಿರೋಸ್ ಮಾರ್ಕೆಜಿನಿಸ್ ಅದನ್ನು ಒಂದೇ ಏಟಿಗೆ ಅರ್ಧ ಅಪಮೌಲ್ಯಗೊಳಿಸಿದರು. ಡಾಲರಿಗೆ ಹದಿನೈದು ಸಾವಿರ ಇದ್ದದ್ದು ಮೂವತ್ತು ಸಾವಿರವಾಯಿತು. 1954ರ ಮೇ 1ರಂದು ಮೂರು ಸೊನ್ನೆ ಅಳಿಸಿ ಡಾಲರಿಗೆ 30 ದ್ರಾಕ್ಮಾ ಮಾಡಲಾಯಿತು.

ಇಲ್ಲಿಂದ ದ್ರಾಕ್ಮಾದ ಒಳ್ಳೆಯ ಕಾಲ. ಡಾಲರಿಗೆ 30 ಎಂಬ ದರ ಸುಮಾರು ಇಪ್ಪತ್ತು ವರ್ಷ ಅಲುಗಲಿಲ್ಲ. ಬೆಲೆಗಳು ಹತೋಟಿಯಲ್ಲಿದ್ದವು. ಜನ ಮತ್ತೆ ಬ್ಯಾಂಕಿನಲ್ಲಿ ಹಣ ಇಡತೊಡಗಿದರು. ಹೆಸರಿಗೆ ಹೊಂದುವ ಮಾನ ಆಧುನಿಕ ದ್ರಾಕ್ಮಾಕ್ಕೆ ಬಂದದ್ದು ಈ ಅವಧಿಯಲ್ಲಿ. ಇಂದಿನ ವೃದ್ಧ ಗ್ರೀಕರು ‘ನಮ್ಮ ದ್ರಾಕ್ಮಾ’ ಎಂದು ನೆನೆಯುವುದು ಈ ಕಾಲದ ನಾಣ್ಯವನ್ನೇ.

ಸೈನಿಕ ಸರ್ಕಾರದ ಕೊನೆಯ ದಿನಗಳಲ್ಲಿ, 1973ರಲ್ಲಿ, ತೈಲದ ಬೆಲೆಯೇರಿಕೆಯೊಂದಿಗೆ ಹಣದುಬ್ಬರ ಮತ್ತೆ ತಲೆಯೆತ್ತಿತು. ಮುಂದಿನ ಎರಡು ದಶಕ ಅದು ಬಹುತೇಕ ಎರಡಂಕಿಯಲ್ಲೇ ಇತ್ತು. 1983ರಲ್ಲಿ, 1985ರಲ್ಲಿ, 1998ರಲ್ಲಿ ಅಪಮೌಲ್ಯ. 2000ದ ಹೊತ್ತಿಗೆ ಡಾಲರಿಗೆ 300 ದ್ರಾಕ್ಮಾ ದಾಟಿತ್ತು. ಹೀಗಿರುವಾಗ ಯೂರೋ ಸೇರುವುದೆಂದರೆ ಸರ್ಕಾರಕ್ಕೆ ಕಡಿಮೆ ಬಡ್ಡಿಯ ಸಾಲ. ಜನಸಾಮಾನ್ಯರಿಗೆ ಯಾವ ಮಂತ್ರಿಯೂ ಕತ್ತರಿಸಲಾರದ, ಸೊನ್ನೆ ಸೇರಿಸಲಾರದ ಹಣ. 2000ದ ಜೂನ್‌ನಲ್ಲಿ ಯೂರೋಪಿಯನ್ ಒಕ್ಕೂಟ ಒಪ್ಪಿಗೆ ಕೊಟ್ಟಿತು. 2001ರ ಜನವರಿ 1ರಂದು ಗ್ರೀಸ್ ಯೂರೋ ವಲಯ ಸೇರಿತು.

ಮರಳದ ನಾಣ್ಯ

ಆದರೆ ಹಣ ಬದಲಾದರೂ ಬೊಕ್ಕಸದ ಚಾಳಿ ಬದಲಾಗಲಿಲ್ಲ. ತನ್ನ ಕೊರತೆಯ ಅಂಕಿಗಳು ತೋರಿಸಿದ್ದಕ್ಕಿಂತ ಹೆಚ್ಚಿದ್ದವೆಂದು ಗ್ರೀಸ್ 2004ರಲ್ಲೂ ಮತ್ತೆ 2009ರಲ್ಲೂ ಒಪ್ಪಿಕೊಳ್ಳಬೇಕಾಯಿತು. 2010ರಲ್ಲಿ ಸಾಲ ಕೊಡುವವರು ಹಿಂದೆಗೆದರು. ಸ್ವಂತ ಹಣವಿದ್ದರೆ ಅಪಮೌಲ್ಯ ಮಾಡಿ ರಫ್ತು ಹೆಚ್ಚಿಸಿಕೊಳ್ಳಬಹುದಿತ್ತು, ಪ್ರವಾಸಿಗರನ್ನು ಸೆಳೆಯಬಹುದಿತ್ತು. ಯೂರೋದಲ್ಲಿ ಆ ದಾರಿಯಿರಲಿಲ್ಲ. ಹಣದ ಬೆಲೆ ಇಳಿಸಲಾಗದೆ ಸಂಬಳ, ನಿವೃತ್ತಿವೇತನಗಳನ್ನು ಇಳಿಸಲಾಯಿತು. 2013ರಲ್ಲಿ ದುಡಿಯಬಲ್ಲ ಪ್ರತಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಿರುದ್ಯೋಗಿಗಳು. ಸ್ವಂತ ಹಣ ಕಳೆದುಕೊಂಡದ್ದರ ಬೆಲೆ ಇದು ಎಂದು ವಾದಿಸಿದ ಅರ್ಥಶಾಸ್ತ್ರಜ್ಞರ ಮಾತನ್ನು ತಳ್ಳಿಹಾಕುವಂತಿಲ್ಲ.

2015ರ ಜೂನ್ ಕೊನೆಯಲ್ಲಿ ಬ್ಯಾಂಕುಗಳು ಮುಚ್ಚಿದವು. ಎಟಿಎಂ ಯಂತ್ರದಿಂದ ದಿನಕ್ಕೆ 60 ಯೂರೋ ಮಾತ್ರ. ಜುಲೈ 5ರ ಜನಮತಗಣನೆಯಲ್ಲಿ ಸಾಲಗಾರರ ಷರತ್ತುಗಳನ್ನು ಶೇಕಡಾ 61 ಮಂದಿ ತಿರಸ್ಕರಿಸಿದರು. ಆದರೆ ಅದೇ ದಿನಗಳ ಸಮೀಕ್ಷೆಗಳಲ್ಲಿ ಯೂರೋ ಉಳಿಯಲಿ ಎಂದವರೇ ಬಹುಸಂಖ್ಯಾತರು. ಷರತ್ತು ಬೇಡ, ಆದರೆ ದ್ರಾಕ್ಮಾವೂ ಬೇಡ. ಹೊರಗಿನವರಿಗೆ ಇದು ವಿರೋಧಾಭಾಸವಾಗಿ ಕಂಡಿತು. ಅಜ್ಜನ ಪೆಟ್ಟಿಗೆಯ ತಳದಲ್ಲಿ ಅರ್ಧ ಕತ್ತರಿಸಿದ ನೋಟನ್ನೋ ಹನ್ನೊಂದು ಸೊನ್ನೆಯ ನೋಟನ್ನೋ ಕಂಡ ಕುಟುಂಬಗಳಿಗೆ ಅದು ಅರ್ಥವಾಗದ ಮಾತೇನೂ ಅಲ್ಲ. ದ್ರಾಕ್ಮಾ ಮರಳಿದರೆ ಅದು ಅಪಮೌಲ್ಯದೊಡನೆಯೇ ಮರಳುತ್ತದೆ, ಮೊದಲು ಕರಗುವುದು ಸಣ್ಣ ಉಳಿತಾಯಗಾರನ ಗಂಟು, ಚಿನ್ನ ಮತ್ತು ವಿದೇಶಿ ಖಾತೆ ಉಳ್ಳವರದಲ್ಲ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಿರಲಿಲ್ಲ.

ಐವತ್ತೆಂಟು ವರ್ಷದಲ್ಲಿ ಎಷ್ಟು ಕರಗಿತ್ತು ಎಂಬುದನ್ನು ಒಂದು ಲೆಕ್ಕ ಹೇಳುತ್ತದೆ. 1944ರಲ್ಲಿ ಐದು ಸಾವಿರ ಕೋಟಿಗೆ ಒಂದು, 1954ರಲ್ಲಿ ಸಾವಿರಕ್ಕೆ ಒಂದು, 2002ರಲ್ಲಿ 340.75ಕ್ಕೆ ಒಂದು. ಈ ಮೂರನ್ನೂ ಗುಣಿಸಿದರೆ, ಒಂದು ಯೂರೋಗೆ ಯುದ್ಧಕಾಲದ ದ್ರಾಕ್ಮಾ ಸುಮಾರು 170 ಕೋಟಿ ಕೋಟಿ. ಹೆಸರು ಮಾತ್ರ ಅದೇ.

ಹಳೆಯ ದ್ರಾಕ್ಮಾ ನೋಟುಗಳನ್ನು ಬ್ಯಾಂಕ್ ಆಫ್ ಗ್ರೀಸಿನಲ್ಲಿ ಬದಲಿಸಿಕೊಳ್ಳುವ ಕೊನೆಯ ದಿನ 2012ರ ಮಾರ್ಚ್ 1. ದ್ರಾಕ್ಮಾ ಮರಳಬಹುದೇ ಎಂದು ಜಗತ್ತು ಚರ್ಚಿಸುತ್ತಿದ್ದ ವರ್ಷವೇ ಅದರ ಕೊನೆಯ ಬೆಲೆಯೂ ಹೋಯಿತು. ಈಗ ಗ್ರೀಸಿನ ಒಂದು ಯೂರೋ ನಾಣ್ಯದ ಮೇಲೆ ಅಥೆನ್ಸಿನ ಹಳೆಯ ಗೂಬೆಯೇ ಇದೆ. ಯೂರೋದ ನೂರನೆಯ ಪಾಲನ್ನು ಗ್ರೀಕರು ಈಗಲೂ ಲೆಪ್ಟೊ ಎಂದೇ ಕರೆಯುತ್ತಾರೆ. ಆರ್ಗೋಸಿನಲ್ಲಿ ಸಿಕ್ಕ ಕಬ್ಬಿಣದ ಕಂಬಿಗಳು ಅಥೆನ್ಸಿನ ನಾಣ್ಯ ಸಂಗ್ರಹಾಲಯದಲ್ಲಿವೆ. ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದರೂ, ಆರು ಕಂಬಿ ಕೊಟ್ಟವನ ಕೈಗೆ ಸಿಗುತ್ತಿದ್ದ ಆ ‘ಹಿಡಿ’ ಎಷ್ಟು ದೊಡ್ಡದೆಂದು ಇಂದಿಗೂ ಅಳೆದು ನೋಡಬಹುದು.